ಬೇಕರಿ ಅಕ್ಕನ ತಂಪು ಕೋಣೆ

ಬೇಕರಿ ಅಕ್ಕನ ಕೋಣೆಗೆ ಕಾಲಿಟ್ಟರೆ ಹೊಳೆಗೆ ಇಳಿದ ಹಾಗಾಗುತ್ತದೆ ಎಂದು ಬೀದಿಯವರು ಹೇಳುತ್ತಿದ್ದರು. ಹಾಗೆಂದ ಬಾಯಲ್ಲೇ, "ಹಗಲೆಲ್ಲ ಬಾಗಿಲು ಹಾಕ್ಕೊಂಡು ಗೊರಕೆ ಹೊಡೀತಾಳೆ, ಪುಣ್ಯವಂತೆ" ಎಂದೂ ಅನ್ನುತ್ತಿದ್ದರು. ಎರಡೂ ನಿಜವೇ. ಬೀದಿಯಲ್ಲಿ ದೀಪ ಹತ್ತುವ ಹೊತ್ತಿಗೆ ಅವಳು ಬೇಕರಿಗೆ ಹೊರಡುತ್ತಿದ್ದಳು. ಬೀದಿ ಎದ್ದು ಹಲ್ಲುಜ್ಜುವಾಗ ರೆಪ್ಪೆಯ ಮೇಲೂ ಮೈದಾ ಮೆತ್ತಿಕೊಂಡು ತಿರುಗಿ ಬರುತ್ತಿದ್ದಳು. ಇಪ್ಪತ್ತೆರಡು ವರ್ಷ ಇದೇ ಪಾಳಿ. ಮದುವೆ ಬೇಡವೆಂದವಳು, ನಿದ್ದೆ ಬೇಡವೆಂದು ಮಾತ್ರ ಯಾವತ್ತೂ ಅಂದವಳಲ್ಲ.

ಆ ಬೇಕರಿಯ ಇಟ್ಟಿಗೆ ಒಲೆಗೆ ಬಿಸಿ ಅಳೆಯುವ ಮೀಟರೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಇದ್ದದ್ದು ಅಕ್ಕನ ಬಲಗೈ. ಒಲೆಯ ಬಾಯೊಳಗೆ ಕೈಯಿಟ್ಟು ಒಂದು, ಎರಡು ಎಂದು ಎಣಿಸುವಳು. ಐದಕ್ಕೇ ಕೈ ಹಿಂದೆ ಬಂದರೆ ಒಲೆ ಇನ್ನೂ ಉರಿ ಕಾರುತ್ತಿದೆ ಎಂದರ್ಥ. ಒಂಬತ್ತಕ್ಕೆ ಬಂದರೆ ಬ್ರೆಡ್ ಇಡಬಹುದು. ಹದಿನೈದರವರೆಗೆ ತಡೆದರೆ ಬಿಸ್ಕತ್ತು. ಅವಳ ಎಣಿಕೆ ತಪ್ಪಿ ಒಂದು ಬನ್ನು ಕರಕಾದದ್ದನ್ನು ಕಂಡವರಿಲ್ಲ.

ರಾತ್ರಿಯಿಡೀ ಬೆಂಕಿಯೆದುರು ಬೆಂದವಳಿಗೆ ಹಗಲಿನ ಬಿಸಿ ಶತ್ರು. "ಬಿಸೀನ ಆಮೇಲೆ ಓಡಿಸೋಕಾಗಲ್ಲ, ಮೊದಲೇ ಒಳಗೆ ಬಿಟ್ಕೋಬಾರದು" ಎನ್ನುತ್ತಿದ್ದಳು. ಸಂಜೆ ಹೊರಡುವಾಗ ಕಿಟಕಿ ತೆರೆದಿಟ್ಟು ರಾತ್ರಿಯ ಗಾಳಿಯನ್ನು ಒಳಗೆ ತುಂಬಿಸುವಳು. ಬೆಳಿಗ್ಗೆ ಬಂದವಳೇ ಬಿಸಿಲು ಗೋಡೆ ಮುಟ್ಟುವ ಮೊದಲು ಬಾಗಿಲು ಕಿಟಕಿ ಭದ್ರ ಮಾಡುವಳು. ಮೈದಾ ಚೀಲಗಳನ್ನು ಬಿಚ್ಚಿ ಒಂದಕ್ಕೊಂದು ಹೊಲಿದ ಪರದೆಯೊಂದಿತ್ತು. ಅದನ್ನು ಬಕೆಟ್ಟಿನಲ್ಲಿ ಅದ್ದಿ ಕಿಟಕಿಗೆ ಕಟ್ಟುವಳು. ನೆಲ ಎರಡು ಸಲ ಒರೆಸಿ, ಚಾಪೆ ಹಾಸಿ, ಹಾಸಿಗೆಯನ್ನು ಮಂಚದ ಮೇಲೆಯೇ ಬಿಟ್ಟು ಕೆಳಗೆ ಮಲಗುವಳು. ಆ ಕೋಣೆಯೊಳಗೆ ಇಸ್ತ್ರಿ ಪೆಟ್ಟಿಗೆಗೂ ಪ್ರವೇಶವಿರಲಿಲ್ಲ.

ಎದುರು ಮನೆಯ ಹೊಲಿಗೆಯವಳು ಬಸುರಿಯಾಗಿದ್ದಾಗ ಒಂದಿಡೀ ಬೇಸಿಗೆ ಮಧ್ಯಾಹ್ನ ಇಲ್ಲೇ ಬಂದು ಬಿದ್ದುಕೊಳ್ಳುತ್ತಿದ್ದಳು. ಒಬ್ಬಳು ನೆಲದ ಈ ಕಡೆ, ಒಬ್ಬಳು ಆ ಕಡೆ. ಮಾತಿಲ್ಲ ಕತೆಯಿಲ್ಲ, ಬರೀ ಗೊರಕೆ.

ಮನೆ ಅಪ್ಪನದು. ಹಿಂದಿನ ಕೋಣೆ ಮಗಳಿಗೆ, ಮುಂದಿನದೆಲ್ಲ ಮಗನಿಗೆ ಎಂದು ಬರೆದಿಟ್ಟು ಅವನು ಕಣ್ಣು ಮುಚ್ಚಿದ್ದ. ತಮ್ಮನಿಗೆ ಬಣ್ಣದ ಅಂಗಡಿ. ಕೆಟ್ಟವನೇನಲ್ಲ ಎಂದು ಅಕ್ಕನೂ ನಂಬಿದ್ದಳು. ಒಂದು ವರ್ಷ ಅಂಗಡಿಯಲ್ಲಿ ಮಿಕ್ಕ ಬಿಳಿ ಬಣ್ಣ ತಂದು, ಪಂಚೆ ಎತ್ತಿ ಕಟ್ಟಿ, ಬಿಸಿಲು ಒಳಗಿಳಿಯದಿರಲಿ ಎಂದು ಅವಳ ಕೋಣೆಯ ತಾರಸಿಗೆ ತಾನೇ ಬಳಿದುಕೊಟ್ಟಿದ್ದ.

ಅಂಥವನು ಈ ಬೇಸಿಗೆ ತನ್ನ ಮಲಗುವ ಕೋಣೆಗೆ ಎ.ಸಿ. ಹಾಕಿಸಿದ. ಅದರ ಹೊರಗಿನ ಡಬ್ಬವನ್ನು ಮನೆಯ ಮುಂದೆ ಹಾಕಿದರೆ ಬಣ್ಣದ ಅಂಗಡಿಯವನ ಮನೆಯ ಅಂದ ಕೆಡುತ್ತದಂತೆ. ಪಕ್ಕದ ಸಂದಿನಲ್ಲಿ, ಅಕ್ಕನ ಕಿಟಕಿಗೆ ಮೂರಡಿ ದೂರದ ಕಾಂಪೌಂಡ್ ಗೋಡೆಗೆ ಹಾಕಿಸಿದ.

"ಅದರ ಮುಖ ನನ್ನ ಕಡೆಗಿದೆಯಲ್ಲೋ" ಎಂದಳು ಅಕ್ಕ.

"ಫ್ಯಾನು ಅಂದ್ಕೋ ಅಕ್ಕ. ಪುಕ್ಕಟೆ ಗಾಳಿ."

ಆ ಪುಕ್ಕಟೆ ಗಾಳಿ ಮರುದಿನ ಹತ್ತು ಗಂಟೆಗೆ ಶುರುವಾಯಿತು. ಯಾರೋ ದಪ್ಪ ಮನುಷ್ಯ ಕಿಟಕಿಗೆ ಬಾಯಿಟ್ಟು ಉಸಿರು ಬಿಡುತ್ತಿರುವಂತಿತ್ತು. ಚೀಲದ ಪರದೆ ಒಣಗಿತು. ಮತ್ತೆ ಅದ್ದಿ ಕಟ್ಟಿದರೆ ಕೋಣೆಯೆಲ್ಲ ಹಬೆ. ಕಿಟಕಿಯ ಕದ ಮುಚ್ಚಿದರೆ ಕದವೇ ಕಾಯಿತು. ಪೈಪಿನಿಂದ ತೊಟ್ಟಿಕ್ಕಿದ ನೀರಿಗೆ ಸಂದಿನ ನೆಲ ಹಸಿರುಗಟ್ಟಿ, ಲೋಳೆ ಲೋಳೆಯಾಗಿ, ಹುಳ ಮಿಜಿಮಿಜಿ ಅನ್ನತೊಡಗಿತು. ಡಬ್ಬದ ತಲೆಯ ಮೇಲೆ ಪಾರಿವಾಳಗಳು ಸಂಸಾರ ಹೂಡಿದವು. ಅವುಗಳ ಹಿಕ್ಕೆ ಒಣಗಿ ಪುಡಿಯಾಗಿ, ಬಿಸಿ ಗಾಳಿಯ ಬೆನ್ನೇರಿ ಅಕ್ಕನ ಚಾಪೆಗೆ, ತಲೆಗೂದಲಿಗೆ, ಕುಡಿಯುವ ನೀರಿಗೆ ಬಂತು. ಒಂದು ದಿನ ಲೋಟದ ನೀರಿನ ಮೇಲೆ ಬೂದು ಪುಕ್ಕವೊಂದು ತೇಲುತ್ತಿತ್ತು. ಅದನ್ನು ಕಾಣುವ ಮೊದಲೇ ಅರ್ಧ ಲೋಟ ಕುಡಿದಾಗಿತ್ತು. ಬಚ್ಚಲಿಗೆ ಓಡಿ, ಕುಡಿದದ್ದನ್ನೂ ತಿಂದದ್ದನ್ನೂ ಕಕ್ಕಿದಳು.

"ನಮ್ಮ ಬೇಕರೀಲಿ ಹಿಟ್ಟು ಉಬ್ಬಲಿ ಅಂತ ಬಿಸಿ ಮೂಲೇಲಿ ಒದ್ದೆ ಬಟ್ಟೆ ಮುಚ್ಚಿಡ್ತೀವಿ" ಎಂದಳು ಹೊಲಿಗೆಯವಳಿಗೆ. "ಈಗ ನಾನೇ ಆ ಹಿಟ್ಟು."

"ನೀವೂ ಸ್ವಲ್ಪ ಉಬ್ಬಿದೀರಿ ಬಿಡಿ ಅಕ್ಕ."

"ಸೊಳ್ಳೆ ಕಚ್ಚಿದ್ದು ಕಣೆ ಅದು."

ನಗುವುದು ಅಲ್ಲಿಗೇ ಮುಗಿಯಿತು. ಆರು ವಾರ ಸರಿಯಾಗಿ ಕಣ್ಣು ಮುಚ್ಚದ ಅಕ್ಕ ಒಂದು ನಸುಕಿನಲ್ಲಿ ಒಲೆಯೊಳಗೆ ಕೈಯಿಟ್ಟು ಎಣಿಸುತ್ತಿದ್ದಳು. ನಾಲ್ಕಾದ ಮೇಲೆ ಐದು ಬರಲಿಲ್ಲ. ನಿಂತಲ್ಲೇ ತೂಕಡಿಕೆ ಬಂದು, ಕೈ ಇಟ್ಟಿಗೆಗೆ ತಾಗಿ ಚುರ್ರೆಂದಿತು. ಮಾಲೀಕ ಮುಲಾಮು ಹಚ್ಚಿಸಿದ. ಬೈಯಲಿಲ್ಲ.

"ಇನ್ನೊಂದ್ಸಲ ಹೀಗಾದ್ರೆ ಒಲೆ ಬೇಡಮ್ಮ, ಪೊಟ್ಟಣ ಕಟ್ಟೋಕೆ ಕೂತ್ಕೋ" ಎಂದಷ್ಟೇ ಹೇಳಿದ.

ಒಲೆಯಿಲ್ಲದ ಅವಳು ಯಾರು? ಆ ಪ್ರಶ್ನೆಯನ್ನು ಮಡಿಲಲ್ಲಿ ಕಟ್ಟಿಕೊಂಡೇ ಮನೆಗೆ ಬಂದಳು.

ಹನ್ನೊಂದು ಗಂಟೆಗೆ ಎದ್ದುಹೋಗಿ ತಮ್ಮನ ಕಡೆಯ ಬಾಗಿಲು ಬಡಿದಳು. ತಮ್ಮನ ಹೆಂಡತಿ ಅಡುಗೆಮನೆಯಿಂದ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಬಂದಳು.

"ನೀನಿಲ್ಲಿ ಬೇಯ್ತಿದೀಯ. ಹಾಗಾದ್ರೆ ಎ.ಸಿ. ರೂಮಲ್ಲಿ ಯಾರಮ್ಮ ಇರೋದು?"

"ಯಾರೂ ಇಲ್ಲ ಅತ್ತಿಗೆ. ಅವರು ಒಂದು ಗಂಟೆಗೆ ಊಟಕ್ಕೆ ಬಂದು ಅರ್ಧ ಗಂಟೆ ಮಲಗ್ತಾರಲ್ಲ, ಅಷ್ಟೊತ್ತಿಗೆ ರೂಮು ತಣ್ಣಗಿರ್ಬೇಕು. ತಂಪು ಹೋಗುತ್ತೆ, ಬಾಗಿಲು ತೆಗೀಬೇಡ ಅಂದಿದಾರೆ."

ಅಕ್ಕ ತೆಗೆದಳು. ಮಡಿಕೆ ಮುರಿಯದ ಹಾಸಿಗೆ, ಒಂದು ದಿಂಬು, ಗೋಡೆಗೆ ತೂಗುಹಾಕಿದ ಒಂದು ಪ್ಯಾಂಟು. ಅಕ್ಕನ ಆರು ವಾರದ ನಿದ್ದೆಯನ್ನು ತಿಂದು ತೇಗುತ್ತಿದ್ದದ್ದು ಆ ಪ್ಯಾಂಟು.

ಒಂದು ಗಂಟೆಗೆ ತಮ್ಮ ಬಂದವನೇ ಸಿಡುಕಿದ. "ಏನಕ್ಕ ನಿಂದು ರಾಮಾಯಣ?"

"ನಾನು ಮಲಗೋ ಹೊತ್ತಲ್ಲಿ ನಾಲ್ಕು ಗಂಟೆ ಕಾಲ ಅದನ್ನ ನಿಲ್ಲಿಸು. ಇಲ್ಲ, ಅದರ ಮುಖ ತಿರುಗಿಸು."

"ಅಷ್ಟೇನೂ ಬಿಸಿ ಬರಲ್ಲ ಅದು."

"ಬಾ." ಅಕ್ಕ ಅವನನ್ನು ತನ್ನ ಕೋಣೆಗೆ ಕರೆದೊಯ್ದಳು. ಪರದೆ ಸರಿಸಿ ಕಿಟಕಿಯ ಕಬ್ಬಿಣದ ಕಂಬಿ ತೋರಿಸಿದಳು. "ಹಿಡ್ಕೋ. ನಾನು ಎಣಿಸ್ತೀನಿ."

ತಮ್ಮ ನಗುತ್ತಾ ಹಿಡಿದ. ನಾಲ್ಕಕ್ಕೆ ನಗು ನಿಂತಿತು. ಏಳಕ್ಕೆ ತುಟಿ ಕಚ್ಚಿದ. ಒಂಬತ್ತು ಎನ್ನುವಷ್ಟರಲ್ಲಿ ಕೈ ಕಿತ್ತುಕೊಂಡ. ಅಂಗೈಯಲ್ಲಿ ಕೆಂಪು ಗೆರೆ ಎದ್ದಿತ್ತು. ಕೈಯನ್ನು ಪ್ಯಾಂಟಿಗೆ ಒರೆಸಿ, ಜೇಬಿಗೆ ತುರುಕಿದ.

"ಬಿಸಿ ಎಲ್ಲಿದೆ? ನಿಂಗೆ ವಯಸ್ಸಾಯ್ತಕ್ಕ, ಅದಕ್ಕೇ ಸೆಕೆ ಆಗ್ತಿದೆ."

ಅವನಿಗೆ ಜ್ವರ ಬಂದಾಗ ಇದೇ ಕೋಣೆಯಲ್ಲಿ ರಾತ್ರಿಯೆಲ್ಲ ಕೂತು ಅವಳು ಒದ್ದೆ ಬಟ್ಟೆಯಲ್ಲಿ ಒರೆಸಿದ್ದ ಕೈ ಅದು. ಈಗ ಅದು ಜೇಬಿನಲ್ಲಿ ಅವಿತು ಕೂತಿತ್ತು. ಬಿಸಿಯನ್ನು ಹೇಗೋ ತಡೆದುಕೊಂಡವಳಿಗೆ ಆ ಜೇಬು ಹೇಸಿಗೆ ಹುಟ್ಟಿಸಿತು. ಲೋಟದಲ್ಲಿ ತೇಲಿದ ಪುಕ್ಕದಂತೆಯೇ.

"ಒಂಬತ್ತಕ್ಕೆ ನಾವು ಬ್ರೆಡ್ ಬೇಯಿಸ್ತೀವಿ ಕಣೋ" ಎಂದಳು. "ಹೋಗು, ನಿನ್ನ ರೂಮು ತಣ್ಣಗಾಗಿದೆ."

ಮೂರು ದಿನ ಬಿಟ್ಟು ಹೊಲಿಗೆಯವಳೇ ಬಂದಳು. ತನ್ನ ಮನೆಯ ಮೆಟ್ಟಿಲ ಕೆಳಗಿನ ಕೋಣೆಯಿಂದ ಬಟ್ಟೆಯ ಗಂಟುಗಳನ್ನೆಲ್ಲ ಹೊರಗೆ ಹಾಕಿಸಿದ್ದಳು.

"ಬಿಸಿಲು ಬೀಳದ ಜಾಗ. ಕಿಟಕಿ ಚಿಕ್ಕದು, ಆದ್ರೆ ಅದರ ಎದುರು ಯಾವನ ಮುಖವೂ ಇಲ್ಲ" ಎಂದಳು. "ನನ್ನ ಮಗಳು ಹೊಟ್ಟೇಲಿದ್ದಾಗ ನಿಮ್ಮ ಕೋಣೇಲೇ ಬೆಳೆದದ್ದು. ಬನ್ನಿ ಅಕ್ಕ, ಸುಮ್ಮನೆ."

ಅಕ್ಕ ಆ ಸಂಜೆ ಎಂದಿನ ಹೊತ್ತಿಗೇ ಹೊರಟಳು. ಟ್ರಂಕು, ಪಾತ್ರೆ ಆಗಲೇ ಎದುರು ಮನೆ ಸೇರಿದ್ದವು. ಕಂಕುಳಲ್ಲಿ ಸುರುಳಿ ಸುತ್ತಿದ ಚೀಲದ ಪರದೆ, ಬಲಗೈಗೆ ಪಟ್ಟಿ. ಹೊರಡುವಾಗ ಕಿಟಕಿ ತೆರೆಯುವ ಅಭ್ಯಾಸಕ್ಕೆ ಎಡಗೈ ಚಿಲಕದವರೆಗೆ ಹೋಯಿತು. ಅಲ್ಲಿಂದಲೇ ಹಿಂದೆ ಬಂತು.

ಹೊರಗೆ ಹೋಗಲು ಇದ್ದದ್ದು ಒಂದೇ ದಾರಿ, ತಮ್ಮನ ಕೋಣೆಯ ಮುಂದಿನ ಓಣಿ. ಕದ ಮುಚ್ಚಿತ್ತು, ಒಳಗೆ ದೀಪವಿರಲಿಲ್ಲ, ಎ.ಸಿ. ಮಾತ್ರ ಗುಂಯ್‌ಗುಡುತ್ತಿತ್ತು. ಕದದಡಿಯ ಸಂದಿನಿಂದ ತಣ್ಣನೆಯ ಗಾಳಿ ನುಸುಳಿ ಅವಳ ಪಾದಕ್ಕೆ ತಾಗಿತು. ಆರು ವಾರ ಅವಳು ಬಯಸಿದ್ದ ತಂಪು, ಹದವಾದ ತಂಪು.

ಅಕ್ಕ ಸೀರೆಯ ನೆರಿಗೆಯನ್ನು ಮೇಲೆತ್ತಿ ಹಿಡಿದು, ಚರಂಡಿ ದಾಟುವವರ ಹಾಗೆ ಒಂದು ದೊಡ್ಡ ಹೆಜ್ಜೆ ಹಾಕಿ ಆ ತಂಪನ್ನು ದಾಟಿದಳು. ಬೀದಿಯಲ್ಲಿ ಆಗಷ್ಟೇ ದೀಪ ಹತ್ತುತ್ತಿತ್ತು.