ನೀರಿನ ಗಾಡಿ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಉಣಕಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಸುತ್ತಲಿನವರ ಒಂದು ಕಷ್ಟ ಕೇಳಿ ತಿಳಿದು, ಕೈಯಾರೆ ಅದಕ್ಕೊಂದು ಪರಿಹಾರ ಮಾಡಿರಿ ಎಂದು ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಹೇಳಿದೆ. ಅವರು ತಮ್ಮದೇ ಗೆಳತಿಯೊಬ್ಬಳನ್ನು ಆರಿಸಿಕೊಂಡರು. ನಳಕ್ಕೆ ನೀರು ಬಾರದ ದಿನ ದೂರದ ಬೋರ್‌ವೆಲ್ಲಿನಿಂದ ಕೊಡ ಹೊರಬೇಕೆಂದು ಅವಳು ಶಾಲೆ ತಪ್ಪಿಸುತ್ತಿದ್ದಳು. ಇವರೂ ಅವಳ ಜೊತೆ ಕೊಡ ಹೊತ್ತು ನೋಡಿದರು. ಹಳೆಯ ಸೈಕಲ್ ಗಾಲಿಗಳಿಗೆ ಹಲಗೆ ಕೂಡಿಸಿ ಗಾಡಿ ಮಾಡಿದರು. ಮೊದಲನೆಯದು ಮಗುಚಿ ಬಿತ್ತು, ಎರಡನೆಯದು ಕೊಡ ಹೊತ್ತು ನೆಟ್ಟಗೆ ಓಡಿತು.

"ಅಕ್ಕೋರ, ಇನ್ನ ನಾ ದಿನಾ ಸಾಲಿಗೆ ಬರ್ತೇನ್ರಿ," ಎಂದಳು ಆ ಗೆಳತಿ.

ಕೆಲವು ವಾರ ಬಂದಳು. ಆಮೇಲೆ ಬರುವುದನ್ನೇ ಬಿಟ್ಟಳು. ನಾನು ಮನೆಗೆ ಹೋದಾಗ ಅವಳ ತಾಯಿ ಕೈಮುಗಿದಳು.

"ಗಾಡಿ ಭಾಳ ಛಲೋ ಆಗೇತ್ರಿ ಅಕ್ಕೋರ. ಈಗ ಅಕೀನ ಇಡೀ ಓಣಿಗೆ ರೊಕ್ಕ ತಗೊಂಡು ನೀರ ಹಾಕ್ತಾಳ್ರಿ. ಮನಿ ನಡ್ಯಾಕತ್ತೇತಿ. ಇನ್ನ ಸಾಲಿ ಯಾಕ್ರಿ?"

ಎಷ್ಟು ಹೇಳಿದರೂ ಒಪ್ಪಲಿಲ್ಲ.

ಮರುದಿನ ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬಳು ಎದ್ದು ಕೇಳಿದಳು: "ಅಕ್ಕೋರ, ಗಾಡಿ ಮುರದು ಬರೂಣೇನ್ರಿ?"

"ಮುರಿದರೆ ಅವಳು ಮತ್ತೆ ತಲೆಯ ಮೇಲೆ ಹೊರುತ್ತಾಳೆ," ಎಂದೆ.

ಪರೀಕ್ಷೆಗೂ ಅವಳು ಬರಲಿಲ್ಲ.