ಡಿಸ್ಕ್ ತುಂಬಿದ್ದೂ ಕೊಟ್ರಮ್ಮ ಟೀಚರ ಹಾಡೂ

‘ಬೇಡದ್ದನ್ನೆಲ್ಲ ಅಳಿಸಿಬಿಡಿ’ ಎಂದು ಫೋನಿನಲ್ಲಿ ಉಪದೇಶಿಸುವುದರಲ್ಲಿ ನನಗೆ ವೃತ್ತಿಸಹಜವಾದೊಂದು ಪಾಂಡಿತ್ಯವಿದೆ. ಕೊಟ್ಟೂರಿನಲ್ಲಿ ಮೂವತ್ತು ವರ್ಷ ಗಣಕಶಾಸ್ತ್ರದ ಪಾಠ ಹೇಳಿ ನಿವೃತ್ತನಾದ ಮೇಲೆ, ಸುತ್ತಲಿನ ಊರುಗಳ ಮುನಿದ ಕಂಪ್ಯೂಟರುಗಳಿಗೆಲ್ಲ ನಾನೇ ಬಿಟ್ಟಿ ವೈದ್ಯ. ಕೈಗುಣಕ್ಕಿಂತ ಬಾಯಿಗುಣ ಹೆಚ್ಚು, ಅಷ್ಟೇ.

ಚಿಗಟೇರಿಯ ಕೊಟ್ರಮ್ಮ ಟೀಚರು ಕುರಿಗಾರರ ಹಟ್ಟಿಗಳನ್ನು ಸುತ್ತಿ, ಅಜ್ಜಿಯರು ಬೀಸುಗಲ್ಲು ತಿರುಗಿಸುತ್ತ ಹಾಡುವ ಬೀಸುವ ಪದಗಳನ್ನು ಧ್ವನಿಮುದ್ರಿಸಿ ಕೂಡಿಟ್ಟವರು. ಅವರ ಕಂಪ್ಯೂಟರಿಗೆ ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿ, ಡಿಸ್ಕನ್ನು ಎರಡು ಪಾಲು ಮಾಡಿ, ಚಿಕ್ಕದು ಯಂತ್ರದ ವ್ಯವಹಾರಕ್ಕೆ, ದೊಡ್ಡದು ಹಾಡುಗಳಿಗೆ ಎಂದು ಹಿರಿಯನ ಗತ್ತಿನಲ್ಲಿ ಹಂಚಿಕೊಟ್ಟವನು ನಾನು. ಕಳೆದ ವಾರ ಅವರ ಫೋನು ಬಂತು.

“ಸರ್, ಜಾಗ ಇಲ್ಲಂತ ಬರಾಕತ್ತೈತ್ರಿ. ಏನ್ ಮಾಡ್ಲಿ?”

ಊಟದ ನಡುವೆಯೇ ಉಪದೇಶ ಒಪ್ಪಿಸಿದೆ. ಎರಡು ದಿನ ಬಿಟ್ಟು ಮತ್ತೆ ಫೋನು: “ಅಳಿಸಿದ್ರೂ ಹಂಗ ಅಂತೈತ್ರಿ.”

ಬಸ್ಸು ಹತ್ತಿದೆ.

ಹೋಗಿ ನೋಡಿದರೆ ತುಂಬಿದ್ದು ಹಾಡುಗಳ ಪಾಲಲ್ಲ, ಯಂತ್ರದ ಪಾಲು. ಯಂತ್ರ ಕೆಲಸದ ನಡುವೆ ಕೆಟ್ಟು ನಿಂತಾಗಲೆಲ್ಲ ಆ ಕ್ಷಣ ತನ್ನ ನೆನಪಿನಲ್ಲಿದ್ದುದನ್ನು ಮರಣಹೇಳಿಕೆಯಂತೆ ಒಂದು ದೊಡ್ಡ ಕಡತಕ್ಕೆ ಸುರಿದಿಡುತ್ತದೆ. ಅದನ್ನು ಕ್ರ್ಯಾಶ್ ಡಂಪ್ ಎನ್ನುತ್ತಾರೆ. ಅಂಥವು ಅಲ್ಲಿ ಒಟ್ಟಿಬಿದ್ದಿದ್ದವು. ಆ ಏರ್ಪಾಡು ಮಾಡಿದವನೂ ನಾನೇ, ಎಷ್ಟು ಇಡಬೇಕೆಂಬ ಮಿತಿ ಹಾಕಲು ಮರೆತವನೂ ನಾನೇ: ಸ್ಮೃತಿಗೆ ವಿಸ್ಮೃತಿಯ ಕಾವಲು! ಕೊನೆಯದೊಂದನ್ನು ಉಳಿಸಿ ಉಳಿದವನ್ನು ತೆಗೆದೆ, ಮಿತಿ ಹಾಕಿದೆ. ಉಳಿಸಿಕೊಂಡ ಆ ಒಂದನ್ನು ಓದಿದಾಗ ಸಂಶಯ ಯಂತ್ರದ ಆ ಕ್ಷಣದ ನೆನಪು ನಿಲ್ಲುವ ರ‍್ಯಾಮ್ ಪಟ್ಟಿಯ ಕಡೆ ತಿರುಗಿತು. ಅದನ್ನು ಕಳಚಿ, ಕಿಲುಬು ಹಿಡಿದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದೆ. ಯಂತ್ರ ಸುಮ್ಮನೆ ತನ್ನ ಪಾಡಿಗೆ ನಡೆಯತೊಡಗಿತು.

ಆಗ ನನ್ನ ಉಪದೇಶ ನೆನಪಾಯಿತು. “ಟೀಚರ, ನೀವು ಅಳಿಸಿದ್ದು ಏನ್ರಿ?”

“ಅಜ್ಜಿಗಳದ್ದು ಒಂದೂ ಮುಟ್ಟಿಲ್ರಿ. ನಮ್ಮವ್ವ ಕಲಿಸಿದ್ದು ನಾನ ಹಾಡಿದ್ವು ಒಂದಿಷ್ಟಿದ್ವಲ್ಲ, ಅವನ್ನ ತಗದೆ. ನಂದೇನ್ರಿ, ಯಾರ್ ಕೇಳ್ತಾರ?”

“ಬ್ಯಾರೆ ಕಡೆ ಇಟ್ಟೀರೇನು?”

“ಇಲ್ರಿ.”

ಹಾಡುಗಳ ಪಾಲಿನಲ್ಲಿ ಇನ್ನೂ ಅರ್ಧಕ್ಕರ್ಧ ಜಾಗ ಖಾಲಿಯಿತ್ತು. ಅಲ್ಲಿ ಎಷ್ಟೇ ಅಳಿಸಿದರೂ ಯಂತ್ರದ ಪಾಲಿಗೆ ಸಾಸಿವೆಯಷ್ಟೂ ಜಾಗ ಸಿಗುವಂತಿರಲಿಲ್ಲ. ಸುಮ್ಮನಿದ್ದರೆ ಅವರಿಗೆ ತಿಳಿಯುತ್ತಲೇ ಇರಲಿಲ್ಲ, ಆದರೂ ಅಳಿಸಿದ್ದು ವ್ಯರ್ಥವಾಯಿತೆಂದು ಹೇಳಿಬಿಟ್ಟೆ. ಮಧ್ಯಾಹ್ನವಿಡೀ, ಅಳಿಸಿಹೋದದ್ದನ್ನು ಹುಡುಕಿಕೊಡುವ ತಂತ್ರಗಳನ್ನೆಲ್ಲ ಪ್ರಯೋಗಿಸಿದೆ. ಒಂದು ಸ್ವರವೂ ಸಿಗಲಿಲ್ಲ. “ತಪ್ಪು ನಂದು, ಟೀಚರ” ಎಂದೆ.

ಕೊನೆಗೆ ಮೈಕನ್ನು ತಂದು ಅವರ ಮುಂದಿಟ್ಟೆ.

“ಈಗ ದನಿ ಒಡದೈತ್ರಿ ಸರ್. ಪದಾನೂ ಮರತೀನಿ.”

“ನೆನಪಿದ್ದಷ್ಟು ಹಾಡ್ರಿ.”

ಮೊದಲ ಸಾಲಿಗೇ ತಡವರಿಸಿದರು, ನಕ್ಕರು, ಕಣ್ಣು ಮುಚ್ಚಿದರು. ಆಮೇಲೆ ಅವರ ಬಲಗೈ ತಾನಾಗಿ ಮೇಜಿನ ಮೇಲೆ, ಕಾಣದ ಬೀಸುಗಲ್ಲಿನ ಗೂಟ ಹಿಡಿದಂತೆ, ಮೆಲ್ಲಗೆ ಸುತ್ತತೊಡಗಿತು. ಎರಡನೆಯ ಸುತ್ತಿಗೆ ಪದ ಬಂತು.