ಸಂಶಯಪ್ಪನವರ ಕೆಟ್ಟ ರ‍್ಯಾಮ್ ಕಾರ್ಡ್

ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರಿಗೆ ನಾವಿಟ್ಟ ಹೆಸರು ಸಂಶಯಪ್ಪ. ಬೀಗ ಹಾಕಿದರೆ ಮೂರು ಸಲ ಜಗ್ಗಿ ನೋಡುವ ಆಸಾಮಿ. "ಇಪ್ಪತ್ತು ವರ್ಷದಿಂದ ಅಡುಗೆಗೆ ಉಪ್ಪು ಹಾಕಿದ್ಯಾ ಅಂತ ದಿನಾ ಕೇಳ್ತಾರೆ ಕಣ್ರೀ" ಎಂದು ಅವರ ಹೆಂಡತಿಯೇ ನನ್ನ ಹತ್ತಿರ ಗೋಳಾಡಿದ್ದುಂಟು.

ಅವರಿಗೆ ಸಿಕ್ಕಿದ್ದೂ ಅಂಥದ್ದೇ ಕೆಲಸ. ಕಂಪ್ಯೂಟರ್ ಶುರುವಾಗುವಾಗ ಕರ್ನಲ್ ಎಂಬ ಮೂಲ ತಂತ್ರಾಂಶದ ಒಳಗಿಂದಲೇ ಮೆಮೊರಿಯ ಒಂದೊಂದು ಜಾಗಕ್ಕೂ ಒಂದು ಅಂಕಿ ಬರೆದು, ತಿರುಗಿ ಓದಿ, ತಾಳೆಯಾಗದ ಜಾಗವನ್ನು ಯಾರೂ ಬಳಸದಂತೆ ಪಕ್ಕಕ್ಕಿಡುವ ಕೋಡ್ ಅವರದು. ಬರೆದದ್ದು ಒಂದೇ ಬಗೆಯ ಪ್ರೊಸೆಸರ್‌ಗೆ. ಈಗ ಆಸ್ಪತ್ರೆಯ ಉಸಿರಾಟದ ಯಂತ್ರಕ್ಕೆಂದು ಬೇರೆ ಬಗೆಯ ಪ್ರೊಸೆಸರಿನ ಬೋರ್ಡ್ ಬಂದಿತ್ತು. ಕೋಡನ್ನು ಎಲ್ಲ ಪ್ರೊಸೆಸರ್‌ಗಳಿಗೂ ಹೊಂದಿಸಿ ಶುಕ್ರವಾರ ಕೊಡಬೇಕಿತ್ತು.

ಗುರುವಾರ ಹೊಸ ಬೋರ್ಡಿನ ಮೇಲೆ ಓಡಿಸಿದರು. ಒಂದೂ ತಪ್ಪಿಲ್ಲ. ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಇವರದು ಮಾತ್ರ ಹರಳೆಣ್ಣೆ ಕುಡಿದ ಮುಖ. ಡ್ರಾಯರಿನ ಬೀಗ ತೆಗೆದು, ಪರೀಕ್ಷೆಗೆಂದೇ ಆರು ವರ್ಷದಿಂದ ಜೋಪಾನ ಮಾಡಿದ್ದ ಕೆಟ್ಟ ರ‍್ಯಾಮ್ ಕಾರ್ಡನ್ನು, ಅಂದರೆ ಹಾಳಾದ ಮೆಮೊರಿಯ ಪಟ್ಟಿಯನ್ನು, ಬೋರ್ಡಿಗೆ ಸಿಕ್ಕಿಸಿದರು. ಆಗಲೂ ಒಂದೂ ತಪ್ಪಿಲ್ಲ!

ನಿಧಾನವಾಗಿ ನನ್ನ ಕಡೆ ತಿರುಗಿದರು. "ಮೊನ್ನೆ ನನ್ನ ಡ್ರಾಯರ್ ಕೀ ನಿಮ್ಮ ಮೇಜಿನ ಮೇಲಿತ್ತಲ್ವಾ?"

"ಅಂದ್ರೆ? ನಾನು ಕಾರ್ಡ್ ಬದಲಾಯಿಸಿದೆ ಅಂತೀರಾ?"

"ಹಾಗಂತ ಎಲ್ಲಿ ಹೇಳ್ದೆ? ಕೇಳ್ದೆ ಅಷ್ಟೆ."

ನನಗೆ ಮೈಯೆಲ್ಲ ಉರಿದುಹೋಯಿತು. ಎಂಟು ವರ್ಷ ಪಕ್ಕದಲ್ಲೇ ಕೂತವಳು ಈಗ ಕಳ್ಳಿಯಾದೆನೇ? "ಏಳ್ರೀ ಮೇಲೆ!" ಎಂದು ಅವರ ಕುರ್ಚಿ ಎಳೆದುಕೊಂಡು ಕೂತೆ. ಎಷ್ಟು ಜಾಗ ಪರೀಕ್ಷೆಯಾಯಿತೆಂದು ತೋರಿಸುವ ಒಂದು ಸಾಲು ಸೇರಿಸಿ ಮತ್ತೆ ಓಡಿಸಿದೆ. ಪರದೆಯ ಮೇಲೆ ಬಂದದ್ದು ಸೊನ್ನೆ.

ಹಳೆಯ ಯಂತ್ರದಲ್ಲಿ ಮೆಮೊರಿಯ ವಿಳಾಸ ಸೊನ್ನೆಯಿಂದ ಶುರು. ಹೊಸ ಬೋರ್ಡಿನಲ್ಲಿ ಬಹಳ ದೊಡ್ಡ ಅಂಕಿಯಿಂದ, ಹಳೆಯದು ಮುಗಿಯುವ ಜಾಗಕ್ಕಿಂತಲೂ ಆಚೆ. ಎಲ್ಲಿ ನಿಲ್ಲಿಸಬೇಕೆಂಬ ಅಂಕಿಯನ್ನು ಮಾತ್ರ ಇವರು ಹಳೆಯದನ್ನೇ ಬಿಟ್ಟಿದ್ದರು. ಕೋಡ್ ಶುರುವಾಗುವ ಮೊದಲೇ ಮುಗಿದು, ಏನನ್ನೂ ಮುಟ್ಟದೆ, ಎಲ್ಲ ಸರಿಯಿದೆ ಎಂದಿತ್ತು. ಊರನ್ನೆಲ್ಲ ಅನುಮಾನಿಸಿದ ಮಹಾಶಯರು ತಾವೇ ಬರೆದ ಆ ಒಂದು ಸಾಲನ್ನು ತಿರುಗಿ ನೋಡಿರಲಿಲ್ಲ. ನಗಬೇಕೋ ಬೈಯಬೇಕೋ ನನಗೆ ತಿಳಿಯಲಿಲ್ಲ.

ಸರಿಪಡಿಸಿ ಓಡಿಸಿದಾಗ ಪರದೆ ತುಂಬ ಆ ಕೆಟ್ಟ ಕಾರ್ಡಿನ ತಪ್ಪುಗಳು. "ಬಂತು! ಬಂತು!" ಎಂದ ಸಂಶಯಪ್ಪ ಕುಸಿದು ಕೂತು ಕಣ್ಣೊರೆಸಿಕೊಂಡರು. "ಅಯ್ಯೋ, ಇದನ್ನ ನಂಬಿ ಯಾರೋ ಉಸಿರಾಡ್ಬೇಕಿತ್ತಲ್ಲ."

ಆಮೇಲೆ ಬೋರ್ಡಿನಿಂದ ಕಾರ್ಡ್ ಬಿಚ್ಚಿ ನನ್ನ ಕೈಗಿಟ್ಟರು. "ಕಾರ್ಡ್ ಇನ್ಮೇಲೆ ನಿಮ್ಮ ಹತ್ರಾನೇ ಇರ್ಲಿ. ನಾನೇನೇ ಬರೆದ್ರೂ ಮೊದ್ಲು ಇದನ್ನ ಹಾಕಿ ನೋಡಿ."

"ಓಹೋ, ಅಂತೂ ನನ್ನ ಮೇಲೆ ನಂಬಿಕೆ ಬಂತಾ?"

"ಅದಲ್ಲಮ್ಮ. ನನಗೆ ನನ್ನ ಮೇಲೇ ಇದ್ದದ್ದು ಹೋಯ್ತು."

ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಕಾರ್ಡನ್ನು ನನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಹಾಕಿ, ಮೂರು ಸಲ ಜಗ್ಗಿ ನೋಡಿದೆ.